ಅಪ್ಪಾಜಿಯ ಇನ್ನೋವಾವನ್ನು ಶೋ ಕಾರು ಮಾಡಬಹುದೇ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 28. ನಮ್ಮ ಮನೆಯಲ್ಲಿ 2012ರ ಇನ್ನೋವಾ ಇದೆ. 2.5 ಲೀಟರ್ ಡೀಸೆಲ್, 8 ಸೀಟು, ಬಿಳಿ ಬಣ್ಣ, 1.9 ಲಕ್ಷ ಕಿಲೋಮೀಟರ್ ಓಡಿದೆ. ಆರ್‌ಸಿ ಅಪ್ಪಾಜಿ ಹೆಸರಿನಲ್ಲಿದೆ. ವರ್ಷಕ್ಕೆರಡು ಸಲ ಧರ್ಮಸ್ಥಳ, ಆಗಾಗ ಅಕ್ಕನ ಊರು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲಕ್ಕೂ ಇದೇ ಗಾಡಿ. ಮಾರಲು ಯಾರಿಗೂ ಮನಸ್ಸಿಲ್ಲ. ಜಕಾರ್ತಾದ ಇನ್ನೋವಾಗಳ ಚಿತ್ರ ನೋಡಿದಾಗಿನಿಂದ ನನಗೆ ಇದನ್ನೇ ಶೋಗೆ ನಿಲ್ಲಿಸುವ ಹಾಗೆ ಕಟ್ಟಬೇಕೆಂಬ ಆಸೆ. ನೆಲಕ್ಕೆ ಹತ್ತಿರ ಇಳಿಸಿ, 18 ಇಂಚಿನ ಅಲಾಯ್, ಮೈಗೆಲ್ಲ ಅಂಟಿಸುವ ಹೊಳಪಿಲ್ಲದ (ಮ್ಯಾಟ್) ಹಸಿರು ಹಾಳೆಯ ರ‍್ಯಾಪ್, ಕಪ್ಪು ಗಾಜು, ಜೋರು ಸದ್ದಿನ ಎಕ್ಸಾಸ್ಟ್, ನಡುವಿನ ಸಾಲಿಗೆ ಬೆಂಚಿನ ಬದಲು ಎರಡು ಬಿಡಿ ಕ್ಯಾಪ್ಟನ್ ಸೀಟು, ರೂಫಿಗೆ ಸ್ಟಾರ್ ಲೈಟ್. ಮೂರು ಲಕ್ಷ ರೂಪಾಯಿ ಕೂಡಿಟ್ಟಿದ್ದೇನೆ. ಒಬ್ಬ ಗ್ಯಾರೇಜಿನವರು ಸ್ಪ್ರಿಂಗ್ ಒಂದೂವರೆ ಸುತ್ತು ಕತ್ತರಿಸಿದರೆ ಸಾಕು, ದುಬಾರಿ ಸ್ಪ್ರಿಂಗ್ ಯಾಕೆ ಎನ್ನುತ್ತಾರೆ. ರ‍್ಯಾಪ್‌ಗೆ ಯಾರ ಅನುಮತಿಯೂ ಬೇಡ ಎಂದು ಗೆಳೆಯ ಹೇಳುತ್ತಾನೆ. ಅಪ್ಪಾಜಿ ಮಾತ್ರ, 'ಸುಪ್ರೀಂ ಕೋರ್ಟೇ ಬೇಡ ಅಂದೈತಿ, ಗಾಡಿ ಸೀಜ್ ಮಾಡ್ತಾರೆ, ಇನ್ಶೂರೆನ್ಸೂ ಹೋಗ್ತದೆ' ಅಂತ ಪಟ್ಟು ಹಿಡಿದಿದ್ದಾರೆ. 2027ರಲ್ಲಿ ಹದಿನೈದು ವರ್ಷದ ಎಫ್‌ಸಿ ಬೇರೆ ಬರುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಗಾಡಿಗಳಿವೆ. ಒಂದು ಶೋ ಮೈದಾನದಲ್ಲಿ ದೀಪದ ಕೆಳಗೆ ನಿಲ್ಲಬೇಕು. ಇನ್ನೊಂದು ಏಳು ಜನರನ್ನೂ ಅವರ ಚೀಲಗಳನ್ನೂ ಹೊತ್ತು ಚಾರ್ಮಾಡಿ ಘಾಟಿ ಇಳಿಯಬೇಕು. ಎರಡನ್ನೂ ಒಂದೇ ಇನ್ನೋವಾದಲ್ಲಿ ಕಟ್ಟಬಹುದು. ಅದಕ್ಕೆ ಒಂದು ಕಟ್ಟುಪಾಡು ಬೇಕು: ಬೋಲ್ಟ್ ಬಿಚ್ಚಿದರೆ ಗಾಡಿ ಹಳೆಯ ರೂಪಕ್ಕೆ ಮರಳಬೇಕು. ಗ್ಯಾಸ್ ಕಟರ್, ವೆಲ್ಡಿಂಗ್, ಚಾಸಿಗೆ ಹೊಸ ತೂತು ಬೇಕಾಗುವ ಕೆಲಸವನ್ನು ಈ ಗಾಡಿಯ ಮೇಲೆ ಮಾಡಬೇಡಿ. ನಿಮ್ಮ ಪಟ್ಟಿಯ ಒಂದೊಂದು ಅಂಶವನ್ನೂ ನಾನು ಇದೇ ಅಳತೆಯಿಂದ ನೋಡಿದ್ದೇನೆ.

ಮೊದಲು ನಿಮ್ಮ ತಂದೆಯ ಭಯದ ವಿಷಯ. ಅವರು ಹೇಳುವುದರಲ್ಲಿ ಸತ್ಯ ಇದೆ, ಆದರೆ ಪೂರ್ತಿ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವ ಹಾಗೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತವಾಗಿ ಹೇಳಿತು. ಅಪ್ಪಾಜಿ ಕೇಳಿರುವುದು ಈ ತೀರ್ಪಿನ ಸುದ್ದಿ. ಆದರೆ ಅದೇ ಕಲಮಿನ ವಿವರಣೆಯಲ್ಲಿ ಇನ್ನೊಂದು ಮಾತಿದೆ. ಬದಲಾವಣೆ ಎಂದರೆ ಗಾಡಿಯ ರಚನೆಯಲ್ಲಿ ಮಾಡಿದ, ಅದರ ಮೂಲ ಲಕ್ಷಣವನ್ನೇ ಬೇರೆ ಮಾಡುವ ಬದಲಾವಣೆ. ಸೀಟ್ ಕವರ್, ಸ್ಪೀಕರ್, ಮ್ಯಾಟ್, ಹೊಸ ಸ್ಟೀರಿಂಗ್ ಹೊದಿಕೆ ಈ ಮಾತಿನೊಳಗೆ ಬರುವುದಿಲ್ಲ. ಮೇಲ್ಛಾವಣಿ ಕತ್ತರಿಸುವುದು, ಬಾಡಿ ಉದ್ದ ಮಾಡುವುದು, ಚಾಸಿ ತಿದ್ದುವುದು ಖಂಡಿತ ಬರುತ್ತದೆ. ಇವೆರಡರ ನಡುವೆ ಅಧಿಕಾರಿಯ ತೀರ್ಮಾನಕ್ಕೆ ಬಿಟ್ಟ ಜಾಗ ದೊಡ್ಡದಿದೆ, ಸಸ್ಪೆನ್ಷನ್ ಮತ್ತು ಚಕ್ರ ಇರುವುದು ಅಲ್ಲಿಯೇ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ, ಕಾಯ್ದೆ ಒಪ್ಪದ ಬಿಡಿಭಾಗ ಹಾಕಿಸಿ ಗಾಡಿ ಬದಲಾಯಿಸಿದರೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಗಮನಿಸಿ, ಮಾಲೀಕನಿಗೆ. ಆರ್‌ಸಿ ಯಾರ ಹೆಸರಲ್ಲಿದೆಯೋ ನೋಟಿಸ್ ಅವರಿಗೇ ಬರುತ್ತದೆ. ಹಾಗಾಗಿ ಅಪ್ಪಾಜಿಯ ಒಪ್ಪಿಗೆ ಮನೆಯ ಶಾಂತಿಗೆ ಮಾತ್ರ ಬೇಕಾದದ್ದಲ್ಲ. ಪ್ರತಿಯೊಂದು ಅರ್ಜಿಗೂ ಅವರ ಸಹಿ ಬೇಕು.

ರ‍್ಯಾಪ್‌ಗೆ ಅನುಮತಿ ಬೇಡ ಎನ್ನುವುದು ತುಂಬ ಹಬ್ಬಿರುವ ತಪ್ಪು ತಿಳಿವಳಿಕೆ. ಸ್ಟಿಕ್ಕರ್ ಕಿತ್ತರೆ ಹೋಗುತ್ತದಲ್ಲ, ಬಣ್ಣ ಬದಲಾಯಿಸಿದ್ದೇವೆ ಎಂದು ಹೇಗಾಗುತ್ತದೆ ಎಂದು ವಾದಿಸುವವರಿದ್ದಾರೆ. ಆರ್‌ಸಿಯಲ್ಲಿ ಬಣ್ಣಕ್ಕೊಂದು ಕಾಲಂ ಇದೆ. ಅಲ್ಲಿ ಬಿಳಿ ಎಂದಿದ್ದು, ರಸ್ತೆಯಲ್ಲಿ ಹಸಿರು ಗಾಡಿ ಕಂಡರೆ, ತಡೆದ ಪೊಲೀಸರಿಗೆ ಅದು ಬೇರೆ ಗಾಡಿಯ ನಂಬರ್ ಹಾಕಿಕೊಂಡ ವಾಹನದಂತೆಯೇ ಕಾಣುತ್ತದೆ. ಇಡೀ ಗಾಡಿಗೆ ಬೇರೆ ಬಣ್ಣದ ರ‍್ಯಾಪ್ ಹಾಕಿಸುವುದಾದರೆ ಮೊದಲೇ ಆರ್‌ಟಿಒಗೆ ಅರ್ಜಿ ಕೊಟ್ಟು, ಗಾಡಿ ತೋರಿಸಿ, ಹೊಸ ಬಣ್ಣವನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಿ. ಸಾಲ ಇನ್ನೂ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕಾಗುತ್ತದೆ. ಬಾನೆಟ್ಟಿಗೆ ಒಂದು ಪಟ್ಟೆ, ರೂಫ್ ಮಾತ್ರ ಕಪ್ಪು, ಇಂಥ ಸಣ್ಣ ಕೆಲಸವಾದರೆ ಮುಖ್ಯ ಬಣ್ಣ ಬಿಳಿಯೇ ಆಗಿ ಉಳಿಯುತ್ತದೆ, ತೊಂದರೆ ಕಡಿಮೆ.

ಗಾಜಿನ ವಿಷಯದಲ್ಲಿ ಅನುಮಾನಕ್ಕೆ ಜಾಗವಿಲ್ಲ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ 50% ಬೆಳಕು ಹಾಯಬೇಕು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗಾಜಿನ ಮೇಲೆ ಫಿಲ್ಮ್ ಅಂಟಿಸುವುದನ್ನೇ ಬೇಡವೆಂದಿತು. ಆಮೇಲೆ ನಿಯಮ ತಿದ್ದುಪಡಿಯಾಗಿ, ಮಾನದಂಡಕ್ಕೆ ಒಳಪಟ್ಟ ಸೇಫ್ಟಿ ಗ್ಲೇಜಿಂಗ್ (ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಗಾಜು) ಇದೇ ಅಂಕಿಗಳೊಳಗೆ ಇದ್ದರೆ ತಪ್ಪಲ್ಲ ಎಂದು ಕೇರಳ ಹೈಕೋರ್ಟ್ 2024ರಲ್ಲಿ ಹೇಳಿದೆ. ಆದರೆ ನೀವು ಬಯಸುವ ಕಪ್ಪು ಗಾಜು ಯಾವ ಲೆಕ್ಕದಲ್ಲೂ ಈ ಅಂಕಿಯೊಳಗೆ ಬರುವುದಿಲ್ಲ. ಅದನ್ನು ಪಟ್ಟಿಯಿಂದ ತೆಗೆದುಬಿಡಿ. ಎಕ್ಸಾಸ್ಟನ್ನೂ ತೆಗೆಯಿರಿ. ಈ ಟರ್ಬೊ ಡೀಸೆಲ್ ಎಂಜಿನ್‌ನಿಂದ ಮಫ್ಲರ್ ಕಿತ್ತರೆ ಬರುವುದು ಗೊರಗೊರ ಸದ್ದು ಮಾತ್ರ, ಶಕ್ತಿ ಹೆಚ್ಚುವುದಿಲ್ಲ. ಸದ್ದು ಮತ್ತು ಹೊಗೆಯ ಮಿತಿ ಮೀರಿದ ಗಾಡಿಗೆ 190ನೇ ಕಲಮಿನಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಲೈಸೆನ್ಸ್ ಅಮಾನತು ಎಲ್ಲಕ್ಕೂ ಅವಕಾಶವಿದೆ. ಹಿಂದಿನ ಸೀಟಿನಲ್ಲಿ ಅಜ್ಜಿ ಕೂತಿರುವಾಗ ಆ ಗುಂಯ್ ಸದ್ದು ಆರು ಗಂಟೆ ಕೇಳಿಸುವ ಅಗತ್ಯವೂ ಇಲ್ಲ.

ಈಗ ನಿಜವಾದ ಪ್ರಶ್ನೆಗೆ ಬರೋಣ: ಗಾಡಿ ಇಳಿಸುವುದು. ಪತ್ರದಲ್ಲಿ ನನ್ನನ್ನು ಕಳವಳಕ್ಕೀಡು ಮಾಡಿದ್ದು ಆ 'ಒಂದೂವರೆ ಸುತ್ತು' ಎಂಬ ಸಲಹೆ. ದಯವಿಟ್ಟು ಅದನ್ನು ಮಾಡಿಸಬೇಡಿ. ಕಾರಣವನ್ನು ಲೆಕ್ಕದಲ್ಲೇ ಹೇಳುತ್ತೇನೆ.

ಕಾಯಿಲ್ ಸ್ಪ್ರಿಂಗಿನ ಗಡಸುತನ ಅದರಲ್ಲಿ ದುಡಿಯುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಆರು ಸುತ್ತು ದುಡಿಯುವ ಸ್ಪ್ರಿಂಗಿನಿಂದ ಒಂದೂವರೆ ಕತ್ತರಿಸಿದರೆ ನಾಲ್ಕೂವರೆ ಉಳಿಯುತ್ತದೆ. ಗಡಸುತನ ಸುಮಾರು 33% ಹೆಚ್ಚುತ್ತದೆ. ಗ್ಯಾರೇಜಿನವರು 'ಇಳಿಯಿತು, ಗಟ್ಟಿಯೂ ಆಯಿತು' ಎನ್ನುವುದು ಇದನ್ನೇ. ಆದರೆ ಗಾಡಿ ಕೆಳಗಿಳಿದ ಮೇಲೆ ಚಕ್ರ ಮೇಲೆ ಚಲಿಸಲು ಉಳಿಯುವ ಜಾಗ ಎಷ್ಟು? ಮೊದಲು 80 ಮಿ.ಮೀ. ಇತ್ತು, ಈಗ 40 ಉಳಿಯಿತು ಎಂದುಕೊಳ್ಳಿ. ಹಂಪ್ ಕೊಟ್ಟ ಅದೇ ಪೆಟ್ಟನ್ನು ಅರ್ಧ ಜಾಗದಲ್ಲಿ ನುಂಗಬೇಕಾದರೆ ಸ್ಪ್ರಿಂಗ್ ಸರಿಸುಮಾರು ನಾಲ್ಕು ಪಟ್ಟು ಗಡಸಾಗಬೇಕು, ಏಕೆಂದರೆ ಸ್ಪ್ರಿಂಗ್ ಹಿಡಿದಿಡುವ ಶಕ್ತಿ ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. ನಿಮಗೆ ಸಿಕ್ಕಿದ್ದು ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಉಳಿದ ಪೆಟ್ಟನ್ನು ಬಂಪ್ ಸ್ಟಾಪ್ ರಬ್ಬರ್, ಅದರ ಹಿಂದೆ ಚಾಸಿ, ಅದರ ಮೇಲೆ ಕೂತವರ ಬೆನ್ನುಮೂಳೆ ತಿನ್ನುತ್ತವೆ. ಒಬ್ಬರೇ ಓಡಿಸಿ ನೋಡಿದಾಗ ಇದು ಗೊತ್ತಾಗುವುದಿಲ್ಲ. ಏಳು ಜನ ಹತ್ತಿದ ದಿನ ಗೊತ್ತಾಗುತ್ತದೆ.

ಅಷ್ಟೇ ಅಲ್ಲ. ಕತ್ತರಿಸಿದ ಸ್ಪ್ರಿಂಗ್ ಬಿಡುವಿನಲ್ಲಿ ಗಿಡ್ಡ. ಗುಂಡಿಗೆ ಚಕ್ರ ಪೂರ್ತಿ ಇಳಿದಾಗ ಅದು ಕೂರುವ ಬಟ್ಟಲಿನಿಂದ ಸಡಿಲಾಗಿ ಸರಿಯಬಹುದು. ಗ್ಯಾಸ್ ಕಟರ್‌ನಿಂದ ಕತ್ತರಿಸಿದರೆ ಆ ಜಾಗದ ಉಕ್ಕಿನ ಹದವೂ ಹಾಳಾಗಿ, ಕೆಲವು ತಿಂಗಳ ಮೇಲೆ ಅಲ್ಲೇ ಮುರಿಯುವ ಸಂಭವವಿದೆ. ಕತ್ತರಿಸಿದ ಸ್ಪ್ರಿಂಗಿನ ಗಾಡಿಗಳು ನಮ್ಮ ವರ್ಕ್‌ಶಾಪಿಗೆ ಬರುತ್ತಲೇ ಇರುತ್ತವೆ. ಬಹುತೇಕ ಎಲ್ಲದರಲ್ಲೂ ಶಾಕ್ ಅಬ್ಸಾರ್ಬರಿನ ಸೀಲ್ ಸೋರಿರುತ್ತದೆ, ಬಂಪ್ ಸ್ಟಾಪ್ ಪುಡಿಯಾಗಿರುತ್ತದೆ, ಮುಂದಿನ ಟೈರು ಒಳಮೈಯಲ್ಲಿ ಮಾತ್ರ ಸವೆದು ತಂತಿ ಕಾಣಿಸುತ್ತಿರುತ್ತದೆ.

ನಿಮ್ಮ ಇನ್ನೋವಾದ ಗ್ರೌಂಡ್ ಕ್ಲಿಯರೆನ್ಸ್ 176 ಮಿ.ಮೀ. ರಸ್ತೆ ಹಂಪ್ 100 ಮಿ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ಹಳ್ಳಿಯ ಬಸ್ ಸ್ಟ್ಯಾಂಡ್ ಎದುರು ಊರವರೇ ಹಾಕಿಸಿದ ಹಂಪ್ ಈ ಅಳತೆ ನೋಡಿ ಕಟ್ಟಿದ್ದಲ್ಲ ಎಂದು ನಿಮಗೂ ಗೊತ್ತು. ಗಾಡಿಯನ್ನು 60 ಮಿ.ಮೀ. ಇಳಿಸಿ, ಜನ ಹತ್ತಿ ಹಿಂಬದಿ ಇನ್ನಷ್ಟು ಕುಸಿದರೆ ನಿಮ್ಮ ಡೀಸೆಲ್ ಟ್ಯಾಂಕು, ಸೈಲೆನ್ಸರ್ ಪೈಪು ಹಂಪಿನ ನೆತ್ತಿಗೆ ತಾಗುತ್ತವೆ. ಜಕಾರ್ತಾದ ಚಿತ್ರಗಳಲ್ಲಿ ನೆಲಕ್ಕೆ ಅಂಟಿದಂತೆ ಕಾಣುವ ಗಾಡಿಗಳು ಸಾಮಾನ್ಯವಾಗಿ, ಸ್ಪ್ರಿಂಗಿನ ಬದಲು ಗಾಳಿಚೀಲದ ಮೇಲೆ ನಿಲ್ಲುವ ಏರ್ ಸಸ್ಪೆನ್ಷನ್‌ನವು. ನಿಂತ ಮೇಲೆ ಗಾಳಿ ಬಿಟ್ಟು ಇಳಿಸಿ ಚಿತ್ರ ತೆಗೆದಿರುತ್ತಾರೆ, ಹೊರಡುವಾಗ ಮೇಲೆತ್ತುತ್ತಾರೆ. ಈ ಶೈಲಿಗೆ ಪ್ರೇರಣೆ ಜಪಾನಿನ 'ವಿಐಪಿ' ಗಾಡಿಗಳು, ಅಂದರೆ ನೆಲಮಟ್ಟಕ್ಕೆ ಇಳಿಸಿ ಸಿಂಗರಿಸಿದ ದೊಡ್ಡ ಐಷಾರಾಮಿ ಕಾರುಗಳು. ಅಲ್ಲೂ ರಸ್ತೆಗಿಳಿಯುವ ಗಾಡಿ ನಿಯತಕಾಲಿಕ ತಪಾಸಣೆಯಲ್ಲಿ 9 ಸೆಂ.ಮೀ. ಕನಿಷ್ಠ ಕ್ಲಿಯರೆನ್ಸ್ ತೋರಿಸಬೇಕು, ಅದೂ ಅಲ್ಲಿನ ನುಣುಪು ರಸ್ತೆಯಲ್ಲಿ.

ಇನ್ನೋವಾದ ಹಿಂಬದಿ ಗಟ್ಟಿ ಆಕ್ಸಲ್‌ನದು. ಅದನ್ನು ನಾಲ್ಕು ಲಿಂಕ್‌ಗಳು ಮುಂದೆ ಹಿಂದೆ ಹಿಡಿದರೆ, ಒಂದು ಅಡ್ಡ ರಾಡು ಎಡಬಲ ಹಿಡಿಯುತ್ತದೆ. ಗಾಡಿ ಇಳಿಸಿದಾಗ ಆ ಅಡ್ಡ ರಾಡಿನ ಕೋನ ಬದಲಾಗಿ ಇಡೀ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಹಿಂದಿನಿಂದ ನೋಡಿದರೆ ಒಂದು ಚಕ್ರ ಫೆಂಡರಿನ ಒಳಗೆ, ಇನ್ನೊಂದು ಹೊರಗೆ ಕಾಣಿಸುತ್ತದೆ. ಶೋನಲ್ಲಿ ತೀರ್ಪುಗಾರರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಇದಕ್ಕೆ ಉದ್ದ ಹೊಂದಿಸಬಹುದಾದ ರಾಡು ಬೇಕು. ಎಬಿಎಸ್ ಇಲ್ಲದ ಮಾದರಿಯಾಗಿದ್ದರೆ ಇನ್ನೊಂದು ಪರೀಕ್ಷೆ ಮಾಡಿಸಿ. ಹಿಂದಿನ ಆಕ್ಸಲ್‌ಗೆ ಸಣ್ಣ ಕೊಂಡಿಯಿಂದ ಜೋಡಿಸಿದ, ಭಾರ ಅಳೆದು ಹಿಂದಿನ ಬ್ರೇಕಿನ ಒತ್ತಡ ನಿಯಂತ್ರಿಸುವ ವಾಲ್ವ್ ಇದೆಯೇ ನೋಡಿ. ಇದ್ದರೆ, ಗಾಡಿ ಇಳಿದಾಗ ಅದು 'ಭಾರ ತುಂಬಿದೆ' ಎಂದು ತಿಳಿದು ಖಾಲಿ ಗಾಡಿಯ ಹಿಂದಿನ ಚಕ್ರಕ್ಕೂ ಹೆಚ್ಚು ಒತ್ತಡ ಬಿಡುತ್ತದೆ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂಬದಿ ಜಾರುತ್ತದೆ. ಆ ಕೊಂಡಿಯನ್ನು ಮರುಹೊಂದಿಸದೆ ಗಾಡಿ ಇಳಿಸುವವರನ್ನು ನಾನು ನಂಬುವುದಿಲ್ಲ.

ಹಾಗಾದರೆ ಇಳಿಸುವ ದಾರಿ ಯಾವುದು? ಏರ್ ಸಸ್ಪೆನ್ಷನ್ ನಿಮ್ಮ ಎರಡು ಗಾಡಿಗಳ ಸಮಸ್ಯೆಗೆ ಕಾಗದದ ಮೇಲೆ ಚೆನ್ನಾಗಿ ಹೊಂದುತ್ತದೆ: ಘಾಟಿಯಲ್ಲಿ ಎತ್ತರ, ಶೋನಲ್ಲಿ ತಗ್ಗು. ಆದರೆ ನಂಬಲರ್ಹ ಕಿಟ್ಟು, ಕಂಪ್ರೆಸರ್, ಟ್ಯಾಂಕು, ಕಂಟ್ರೋಲರ್, ಅಳವಡಿಕೆ ಸೇರಿದರೆ ನಿಮ್ಮ ಮೂರು ಲಕ್ಷದಲ್ಲಿ ಬೇರೇನಕ್ಕೂ ಉಳಿಯುವುದಿಲ್ಲ. ಅಗ್ಗದ ಕಿಟ್ಟುಗಳಲ್ಲಿ ಬ್ರಾಕೆಟ್ಟನ್ನು ಚಾಸಿಗೆ ವೆಲ್ಡ್ ಮಾಡುತ್ತಾರೆ. ಅಲ್ಲಿಗೆ ನಿಮ್ಮ ಕಟ್ಟುಪಾಡು ಮುರಿಯಿತು, 52ನೇ ಕಲಂ ನೇರವಾಗಿ ಎದುರಾಯಿತು. ಟ್ಯಾಂಕಿನಲ್ಲಿ ಸೇರುವ ನೀರನ್ನು ಆಗಾಗ ಹೊರಬಿಡದಿದ್ದರೆ ವಾಲ್ವ್ ತುಕ್ಕು ಹಿಡಿಯುತ್ತದೆ. ಗಾಳಿಚೀಲ ಎಲ್ಲೋ ಉಜ್ಜಿ ಒಡೆದರೆ ಆ ಮೂಲೆ ಒಮ್ಮೆಗೇ ಕುಸಿಯುತ್ತದೆ. ಊರಿನಲ್ಲೇ ಅದನ್ನು ಬಲ್ಲ ಮೆಕ್ಯಾನಿಕ್ ಇಲ್ಲದವರಿಗೆ, ಮನೆಮಂದಿಯನ್ನು ಹೊತ್ತು ದೂರ ಹೋಗುವ ಗಾಡಿಗೆ, ನಾನು ಇದನ್ನು ಸೂಚಿಸುವುದಿಲ್ಲ.

ಎರಡನೆಯ ದಾರಿ, ಇನ್ನೋವಾಗೆಂದೇ ತಯಾರಿಸಿದ ಲೋವರಿಂಗ್ ಸ್ಪ್ರಿಂಗ್. ಇಂಡೋನೇಷ್ಯಾ, ಥಾಯ್ಲೆಂಡ್‌ಗಳಲ್ಲಿ ಈ ಗಾಡಿಗೆ ದೊಡ್ಡ ಮಾರುಕಟ್ಟೆ ಇರುವುದರಿಂದ ಸಿಗುತ್ತವೆ. ಇಳಿತ 25ರಿಂದ 30 ಮಿ.ಮೀ. ಮೀರದಿರಲಿ. ಜೊತೆಗೆ ಹೊಸ ಶಾಕ್ಸ್, ಹೊಸ ಬಂಪ್ ಸ್ಟಾಪ್, ಅಲೈನ್‌ಮೆಂಟ್ ಕಡ್ಡಾಯ. ಇದಕ್ಕೂ ಆರ್‌ಟಿಒ ಆಕ್ಷೇಪ ಎತ್ತಲಾರರೆಂದು ಹೇಳುವ ಹಾಗಿಲ್ಲ. ತಯಾರಕರ ಮೂಲ ಭಾಗ ಇದಲ್ಲ ಎಂಬುದು ನಿಜ. ಆದರೆ ಮೂಲ ಸ್ಪ್ರಿಂಗ್ ಮನೆಯಲ್ಲಿದ್ದರೆ ಒಂದು ದಿನದ ಕೆಲಸದಲ್ಲಿ ಹಿಂತಿರುಗಿಸಬಹುದು. ಮೂರನೆಯ ದಾರಿ, ಇಳಿಸದೇ ಇರುವುದು. ಚಕ್ರ ಮತ್ತು ಟೈರನ್ನು ಸರಿಯಾಗಿ ಆರಿಸಿದರೆ ಫೆಂಡರಿನ ಖಾಲಿ ಜಾಗ ತುಂಬಿಕೊಂಡು, ಗಾಡಿ ತಗ್ಗಿದಂತೆಯೇ ಕಾಣುತ್ತದೆ. ನನ್ನ ಸಲಹೆ: ಮೊದಲು ಮೂರನೆಯ ದಾರಿ ಹಿಡಿಯಿರಿ, ಆರು ತಿಂಗಳು ಓಡಿಸಿ. ಆಮೇಲೂ ಮನಸ್ಸು ತಡೆಯದಿದ್ದರೆ ಎರಡನೆಯದು.

ಚಕ್ರದ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಮೂಲ ಟೈರು 205/65 ಆರ್ 15. ಅದರ ಒಟ್ಟು ವ್ಯಾಸ 647 ಮಿ.ಮೀ. ಹೊಸ ಟೈರಿನ ವ್ಯಾಸ ಇದಕ್ಕಿಂತ 3% ಒಳಗೆ ಹೆಚ್ಚುಕಮ್ಮಿ ಇರಬೇಕು, ಇಲ್ಲವಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ತಿರುವಿನಲ್ಲಿ ಟೈರು ಫೆಂಡರಿಗೆ ಉಜ್ಜುತ್ತದೆ. 18 ಇಂಚಿಗೆ ಸಾಮಾನ್ಯವಾಗಿ ಕೊಡುವ 215/45 ಆರ್ 18ರ ವ್ಯಾಸ 651 ಮಿ.ಮೀ. ವ್ಯಾಸ ಸರಿ ಇದೆ. ಸಮಸ್ಯೆ ಇರುವುದು ಟೈರಿನ ಪಕ್ಕದಲ್ಲಿ ಸಣ್ಣದಾಗಿ ಬರೆದಿರುವ ಲೋಡ್ ಇಂಡೆಕ್ಸ್‌ನಲ್ಲಿ. ಮೂಲ ಟೈರಿನದು 94 ಆದರೆ ಒಂದು ಟೈರು 670 ಕಿಲೋ ಹೊರುತ್ತದೆ, ನಾಲ್ಕಕ್ಕೆ 2,680. ಆ 18 ಇಂಚಿನ ಟೈರಿನ ಸಾಮಾನ್ಯ ಮಾದರಿಯದು 89, ಅಂದರೆ ಟೈರಿಗೆ 580 ಕಿಲೋ, ನಾಲ್ಕಕ್ಕೆ 2,320. ಖಾಲಿ ಇನ್ನೋವಾವೇ 1,600 ಕಿಲೋಗಿಂತ ಹೆಚ್ಚು ತೂಗುತ್ತದೆ. ಏಳು ಜನ, ಸಾಮಾನು ಸೇರಿದರೆ 2,200 ಸಮೀಪ. ಅದರಲ್ಲೂ ಹಿಂದಿನ ಎರಡು ಟೈರಿನ ಪಾಲು ಹೆಚ್ಚು. ಬೇಸಿಗೆಯ ಹೆದ್ದಾರಿಯಲ್ಲಿ ಗಾಳಿ ಸ್ವಲ್ಪ ಕಡಿಮೆ ಇದ್ದರೆ ಇಂಥ ಟೈರು ಕಾದು ಸಿಡಿಯುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಆದ್ದರಿಂದ 17 ಇಂಚಿಗೆ ಬನ್ನಿ. 225/50 ಆರ್ 17 ಟೈರಿನ ವ್ಯಾಸ 657 ಮಿ.ಮೀ., ಮೂಲಕ್ಕಿಂತ 1.4% ಮಾತ್ರ ಹೆಚ್ಚು. ಲೋಡ್ ಇಂಡೆಕ್ಸ್ 94 ಅಥವಾ 98ರಲ್ಲಿ ಸಿಗುತ್ತದೆ. ಟೈರಿನ ಗೋಡೆ 133 ಮಿ.ಮೀ.ನಿಂದ 112ಕ್ಕೆ ಇಳಿಯುತ್ತದೆ, ಗುಂಡಿಗೆ ಬಿದ್ದರೂ ರಿಮ್ ಉಳಿಯುವಷ್ಟು ರಬ್ಬರ್ ಇರುತ್ತದೆ. ಅಲಾಯ್ ಕೊಳ್ಳುವಾಗ ಐದು ಬೋಲ್ಟುಗಳ ವೃತ್ತದ 114.3 ಮಿ.ಮೀ. ಅಳತೆ ಹೊಂದಿದರೆ ಸಾಕು ಎಂದುಕೊಳ್ಳಬೇಡಿ. ನಡುವಿನ ರಂಧ್ರ ಹಬ್‌ಗೆ ಬಿಗಿಯಾಗಿ ಕೂರಬೇಕು; ದೊಡ್ಡದಿದ್ದರೆ ಹಬ್ ರಿಂಗ್ ಹಾಕಿಸಿ, ಇಲ್ಲವಾದರೆ 80ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಆಫ್‌ಸೆಟ್ (ಹಬ್‌ಗೆ ಹೋಲಿಸಿದರೆ ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತದೆ ಎಂಬ ಅಳತೆ) ಮೂಲಕ್ಕೆ ಹತ್ತಿರವಿರಲಿ. ಚಕ್ರ ಹೊರಗೆ ಬರಲೆಂದು ನಡುವೆ ಸ್ಪೇಸರ್ ಬಿಲ್ಲೆ ಹಾಕಿಸಿದರೆ ವೀಲ್ ಬೇರಿಂಗಿನ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ. ರಿಮ್ ಒಳಮೈಯಲ್ಲಿ ಜಪಾನಿನ ಅಲಾಯ್ ಚಕ್ರ ಮಾನದಂಡದ 'ಜೆಡಬ್ಲ್ಯುಎಲ್' ಗುರುತೂ ಅದು ಹೊರಬಲ್ಲ ಭಾರವೂ ಅಚ್ಚಾಗಿದೆಯೇ ನೋಡಿ. ಹೆಸರುವಾಸಿ ವಿನ್ಯಾಸದ ನಕಲು ರಿಮ್‌ಗಳಲ್ಲಿ ಅನೇಕ ಸಲ ಭಾರದ ಅಂಕಿಯೇ ಇರುವುದಿಲ್ಲ. ಸ್ಟೆಪ್ನಿ ಹಳೆಯ 15 ಇಂಚಿನದೇ ಇದ್ದರೂ ವ್ಯಾಸ ಹತ್ತಿರವಿರುವುದರಿಂದ ಪಂಕ್ಚರ್ ಅಂಗಡಿಯವರೆಗೆ ನಡೆಯುತ್ತದೆ, ಆದರೆ ಅದರ ನಟ್ಟುಗಳು ಬೇರೆಯಾಗಿದ್ದರೆ ಒಂದು ಸೆಟ್ ಗಾಡಿಯಲ್ಲೇ ಇಟ್ಟಿರಿ.

ಕ್ಯಾಪ್ಟನ್ ಸೀಟಿಗೆ ಎರಡು ಮಾತು. ಆಸನ ಸಂಖ್ಯೆ ಆರ್‌ಸಿಯಲ್ಲಿದೆ. 8ರಿಂದ 7 ಆದರೆ ಅದು ನಮೂದಾಗಬೇಕು. ಇದೇ ತಲೆಮಾರಿನ ಇನ್ನೋವಾ 7 ಸೀಟಿನಲ್ಲಿ, ನಡುವೆ ಕ್ಯಾಪ್ಟನ್ ಸೀಟುಗಳ ಸಮೇತ ಕಾರ್ಖಾನೆಯಿಂದಲೇ ಬರುತ್ತಿತ್ತು. ಆ ಮೂಲ ಸೀಟುಗಳನ್ನೇ ಹುಡುಕಿ, ಬೋಲ್ಟ್ ರಂಧ್ರ ಹೊಂದುವುದನ್ನು ನೋಡಿ ಹಾಕಿಸುವುದಾದರೆ ಮಾತ್ರ ಮುಂದುವರಿಯಿರಿ. ಫ್ಯಾಬ್ರಿಕೇಟರ್ ಕಬ್ಬಿಣದ ಪಟ್ಟಿ ಬೆಸೆದು ನಿಲ್ಲಿಸಿದ ಸೋಫಾದಂಥ ಸೀಟು ನೋಡಲು ಚಂದ. ಅಪಘಾತದಲ್ಲಿ ಕೂತವರ ಸಮೇತ ಕಿತ್ತು ಮುಂದಕ್ಕೆ ಹಾರುತ್ತದೆ. ಮೂಲ ಬೆಂಚ್ ಸೀಟನ್ನೇ ಇಟ್ಟುಕೊಂಡು ಒಳ್ಳೆಯ ಕುಶನ್ ಕೆಲಸ, ಹೊಸ ಲೆದರ್, ಹೊಲಿಗೆ ಮಾಡಿಸಿದರೆ ಹಣವೂ ಉಳಿಯುತ್ತದೆ, ಅಜ್ಜಿಗೆ ಕಾಲು ಚಾಚಿ ಮಲಗಲೂ ಆಗುತ್ತದೆ. ಮುಂದಿನ ಸೀಟುಗಳಲ್ಲಿ ಸೈಡ್ ಏರ್‌ಬ್ಯಾಗ್ ಇರುವ ಗಾಡಿಗಳಿಗೆ ಈ ಕೆಲಸ ಮಾಡಿಸಬಾರದು. ನಿಮ್ಮ 2012ರ ಗಾಡಿಗೆ ಆ ತೊಡಕಿಲ್ಲ.

ಸ್ಟಾರ್ ಲೈಟ್, ಆಂಪ್ಲಿಫಯರ್, ಒಳಗಿನ ಬಣ್ಣದ ದೀಪ, ಇವು ಕಾನೂನಿನ ಕಣ್ಣಿಗೆ ಸಣ್ಣವು. ಅಪಾಯದಲ್ಲಿ ಸಣ್ಣವಲ್ಲ. ಮಾಡಿಫೈ ಮಾಡಿದ ಗಾಡಿಗಳು ಸುಟ್ಟುಹೋಗುವ ಘಟನೆಗಳಲ್ಲಿ ನಾನು ನೋಡಿದ ಮುಖ್ಯ ಕಾರಣ ವೈರಿಂಗ್. ಮೂಲ ವೈರನ್ನು ಬ್ಲೇಡಿನಿಂದ ಕೆರೆದು, ಹೊಸದನ್ನು ಸುತ್ತಿ, ಇನ್ಸುಲೇಶನ್ ಟೇಪ್ ಹಚ್ಚಿ ಬಿಡುತ್ತಾರೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಆಂಪ್ಲಿಫಯರ್‌ಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್, ಲೋಹದ ಗೋಡೆ ದಾಟುವ ಕಡೆ ರಬ್ಬರ್ ಗ್ರಾಮೆಟ್. ಹೆಡ್‌ಲೈಟ್ ಬದಲಾಯಿಸುವ ಆಸೆ ಇದ್ದರೆ ಅದನ್ನು ಕೈಬಿಡಿ. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಎಚ್‌ಐಡಿ ಅಥವಾ ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಿಮ್ಮ ರಸ್ತೆಗೆ ಕಡಿಮೆ ಬೀಳುತ್ತದೆ. ಹಳದಿಗಟ್ಟಿದ ಹೆಡ್‌ಲೈಟ್ ಗಾಜನ್ನು ಪಾಲಿಶ್ ಮಾಡಿಸಿ ಹೊಸ ಮೂಲ ಬಲ್ಬ್ ಹಾಕಿಸಿ ನೋಡಿ, ವ್ಯತ್ಯಾಸ ನಿಮಗೇ ಕಾಣುತ್ತದೆ.

ಇನ್ಶೂರೆನ್ಸ್ ಬಗ್ಗೆ ಅಪ್ಪಾಜಿಗೆ ಹೀಗೆ ಹೇಳಿ. ಬದಲಾವಣೆ ಮಾಡಿದೊಡನೆ ಪಾಲಿಸಿ ರದ್ದಾಗುವುದಿಲ್ಲ. ತಿಳಿಸದೆ ಮಾಡಿದ ಬದಲಾವಣೆಯೇ ಅಪಘಾತಕ್ಕೆ ಕಾರಣ ಎಂದು ಸರ್ವೇಯರ್ ಬರೆದರೆ ನಿಮ್ಮ ಗಾಡಿಯ ನಷ್ಟದ ಕ್ಲೇಮ್ ತಿರಸ್ಕೃತವಾಗಬಹುದು. ಆದ್ದರಿಂದ ಅಲಾಯ್, ಆಡಿಯೊ, ರ‍್ಯಾಪ್ ಎಲ್ಲದರ ಬಿಲ್ಲಿನ ಪ್ರತಿ ಸಮೇತ ಕಂಪನಿಗೆ ಪತ್ರ ಬರೆದು ಪಾಲಿಸಿಯಲ್ಲಿ ಸೇರಿಸಿಕೊಳ್ಳಿ. ಕಾರ್ಖಾನೆಯಿಂದ ಬಾರದ ವಿದ್ಯುತ್ ಉಪಕರಣಗಳಿಗೆ ಅವುಗಳ ಮೌಲ್ಯದ 4% ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸುವ ವ್ಯವಸ್ಥೆ ಹಿಂದಿನಿಂದಲೂ ಇದೆ. ಬಿಲ್ ಕೊಡದ ಅಂಗಡಿಯಲ್ಲಿ ಏನನ್ನೂ ಕೊಳ್ಳಬೇಡಿ.

ಹದಿನೈದು ವರ್ಷದ ನವೀಕರಣ ಹತ್ತಿರವಿರುವುದು ನಿಮಗೆ ಅನುಕೂಲವೇ. ನೋಂದಣಿ ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ ನಮೂನೆ 25ರಲ್ಲಿ ಅರ್ಜಿ ಹಾಕಬೇಕು. ಕಾರಿಗೆ ನವೀಕರಣ ಶುಲ್ಕ 5,000 ರೂಪಾಯಿ, ಆಮೇಲೆ ಐದು ವರ್ಷ ಚಿಂತೆ ಇಲ್ಲ. ಆ ತಪಾಸಣೆಗೆ ಗಾಡಿ ಮೂಲ ಸ್ಥಿತಿಯಲ್ಲಿ, ಆರೋಗ್ಯವಾಗಿ ಹೋಗಲಿ. ಕಾಣುವ ದೊಡ್ಡ ಬದಲಾವಣೆಗಳನ್ನೆಲ್ಲ ಅದರ ನಂತರಕ್ಕೆ ಇಟ್ಟುಕೊಳ್ಳಿ. ಅಲ್ಲಿಯವರೆಗಿನ ಸಮಯವನ್ನು ಯಾರಿಗೂ ಕಾಣದ ಕೆಲಸಕ್ಕೆ ಬಳಸಿ. ಮೂರು ಲಕ್ಷದಲ್ಲಿ ಮೊದಲ ಐವತ್ತು ಅರವತ್ತು ಸಾವಿರವನ್ನು ಇದಕ್ಕೇ ಎತ್ತಿಡಿ: ಸಸ್ಪೆನ್ಷನ್ ಬುಷ್‌ಗಳು, ಬಾಲ್ ಜಾಯಿಂಟ್, ನಾಲ್ಕೂ ಶಾಕ್ಸ್, ಬ್ರೇಕ್ ಹೋಸ್ ಮತ್ತು ಫ್ಲೂಯಿಡ್, ಎಂಜಿನ್ ಮೌಂಟ್, ಕೂಲಂಟ್ ಪೈಪುಗಳು. 1.9 ಲಕ್ಷ ಓಡಿದ ಗಾಡಿಯಲ್ಲಿ ಇವು ಸವೆದಿರುತ್ತವೆ, ಸವೆದ ಬುಷ್ ಮೇಲೆ ಎಂಥ ಅಲಾಯ್ ಹಾಕಿದರೂ ಅಲೈನ್‌ಮೆಂಟ್ ನಿಲ್ಲುವುದಿಲ್ಲ.

ನವೀಕರಣ ಮುಗಿದ ಮೇಲೆ ಬಣ್ಣ. ಹಳೆಯ ಗಾಡಿಗೆ ರ‍್ಯಾಪ್ ಮಾಡಿಸುವ ಮುನ್ನ ತುಕ್ಕು ಹುಡುಕಿಸಿ: ಬಾಗಿಲಿನ ಕೆಳಅಂಚು, ಡಿಕ್ಕಿ ಬಾಗಿಲಿನ ಕೆಳಗೆ, ಫುಟ್‌ಬೋರ್ಡ್ ಕೂರುವ ಜಾಗ. ತುಕ್ಕಿನ ಮೇಲೆ ಹಾಳೆ ಹೊದಿಸಿದರೆ ಒಳಗೊಳಗೇ ತಿನ್ನುತ್ತದೆ. ಟಿಂಕರಿಂಗ್ ಮಾಡಿ ಮರುಪೇಂಟ್ ಆದ ಪ್ಯಾನಲ್ ಇದ್ದರೆ ರ‍್ಯಾಪ್ ಕೀಳುವಾಗ ಪೇಂಟೂ ಎದ್ದು ಬರಬಹುದು, ಮೊದಲೇ ಕೇಳಿಕೊಳ್ಳಿ. ಹಾಳೆಯಲ್ಲಿ ಕಾಸ್ಟ್ ವಿನೈಲ್, ಕ್ಯಾಲೆಂಡರ್ಡ್ ವಿನೈಲ್ ಎಂದು ಎರಡು ಬಗೆ. ಎರಡನೆಯದು ಅಗ್ಗ, ಆದರೆ ಬಿಸಿಲಿಗೆ ಕುಗ್ಗಿ ಅಂಚು ಬಿಡುತ್ತದೆ. ಇನ್ನೋವಾದ ಬಂಪರಿನಂಥ ಬಳುಕು ಮೈಗೆ ಕಾಸ್ಟ್ ಮಾತ್ರ ನಿಲ್ಲುತ್ತದೆ. ಕೆಲಸಗಾರ ಗಾಡಿಯ ಮೈಮೇಲೆಯೇ ಬ್ಲೇಡ್ ಆಡಿಸುತ್ತಾನೋ, ನೂಲಿರುವ ಕತ್ತರಿಸುವ ಟೇಪ್ ಬಳಸುತ್ತಾನೋ ನೋಡಿ; ಬ್ಲೇಡಿನ ಗೆರೆ ಪೇಂಟಿನಲ್ಲಿ ಉಳಿದು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಮ್ಯಾಟ್ ಮೇಲ್ಮೈಗೆ ಪಾಲಿಶ್, ವ್ಯಾಕ್ಸ್ ಹಚ್ಚುವಂತಿಲ್ಲ. ಹಕ್ಕಿಯ ಹಿಕ್ಕೆ ಬಿದ್ದರೆ ಅದೇ ದಿನ ತೊಳೆಯಬೇಕು. ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸುವ ಮನೆಯಾದರೆ ಸ್ಯಾಟಿನ್ ಹೊಳಪು ಆರಿಸಿ.

ಶೋನಲ್ಲಿ ಗೆಲ್ಲುವುದು ಏನು ಎಂದೂ ಕೇಳುವವರಿದ್ದೀರಿ. ಬಹಳಷ್ಟು ಹುಡುಗರು ಗಾಡಿಯ ತಗ್ಗು ಮತ್ತು ಸದ್ದಿನಿಂದ ಗೆಲ್ಲಬಹುದೆಂದು ನಂಬಿ ಬರುತ್ತಾರೆ. ತೀರ್ಪುಗಾರರು ಬಗ್ಗಿ ಅಡಿ ನೋಡುತ್ತಾರೆ, ಬಾನೆಟ್ ಎತ್ತಿಸುತ್ತಾರೆ, ಬಾಗಿಲುಗಳ ಸಂದು ಸಮವಾಗಿದೆಯೇ ಬೆರಳಾಡಿಸುತ್ತಾರೆ, ವೈರ್ ಎಲ್ಲಿ ಹೋಗಿದೆ ಎಂದು ಹುಡುಕುತ್ತಾರೆ. ಒಂದು ವಿಚಾರ ಇಡೀ ಗಾಡಿಯಲ್ಲಿ ಹರಿದಿದೆಯೇ ಎಂಬುದು ಅವರಿಗೆ ಮುಖ್ಯ. ನಿಮ್ಮ ಕೈಯಲ್ಲಿ ಅಂಥ ವಿಚಾರ ಈಗಾಗಲೇ ಇದೆ: ಒಂದೇ ಮನೆಯಲ್ಲಿ ಬೆಳೆದ, ಬಿಡದಿಯಲ್ಲಿ ತಯಾರಾದ ಗಾಡಿ. ಮೂಲ ಬಿಳಿಯನ್ನೇ ಕನ್ನಡಿಯಂತೆ ಹೊಳೆಸಿ, ಕಪ್ಪು ರೂಫ್, ಕಂಚಿನ ಬಣ್ಣದ 17 ಇಂಚಿನ ಅಲಾಯ್, ಒಳಗೆ ಇಳಕಲ್ ಸೀರೆಯ ಕೆಂಪು ಸೆರಗಿನ ಬಣ್ಣದ ಹೊಲಿಗೆ ಇರುವ ಸೀಟು ಮಾಡಿದರೆ, ಜಕಾರ್ತಾದ ನಕಲಿಗಿಂತ ನಾನು ಅದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುವೆ. ಆರ್‌ಸಿಯ ಬಣ್ಣವೂ ಬದಲಾಯಿಸಬೇಕಾಗುವುದಿಲ್ಲ. ಹಸಿರೇ ಬೇಕೆಂದರೆ ಅದು ನಿಮ್ಮ ಇಷ್ಟ, ಅರ್ಜಿ ಹಾಕಿ ಮಾಡಿಸಿ.

ಬಿಚ್ಚಿದ ಪ್ರತಿ ಮೂಲ ಭಾಗವನ್ನೂ, ನಟ್ಟು ಬೋಲ್ಟ್ ಸಮೇತ, ಹೆಸರು ಬರೆದ ಚೀಲದಲ್ಲಿ ಹಾಕಿ ಮನೆಯಲ್ಲಿಡಿ. ಈ ವಾರ ಮಾಡಬೇಕಾದದ್ದು ಒಂದೇ ಕೆಲಸ. ಒಳ್ಳೆಯ ಅಲೈನ್‌ಮೆಂಟ್ ಅಂಗಡಿಗೆ ಹೋಗಿ ಈಗಿರುವ ಸ್ಥಿತಿಯಲ್ಲೇ ಅಳತೆ ಮಾಡಿಸಿ ಚೀಟಿ ಪಡೆಯಿರಿ. ಗಾಡಿಯನ್ನು ಲಿಫ್ಟ್ ಮೇಲೇರಿಸಿ ಮುಂದಿನ ಕೆಳತೋಳಿನ ಬುಷ್‌ಗಳು, ಹಿಂದಿನ ಅಡ್ಡ ರಾಡಿನ ಎರಡೂ ತುದಿ, ಆ ಬ್ರೇಕ್ ವಾಲ್ವ್ ಇರುವ ಜಾಗ, ಇಷ್ಟರ ಚಿತ್ರ ತೆಗೆಯಿರಿ. ಚೀಟಿ, ಚಿತ್ರ ಎರಡನ್ನೂ ಕಳಿಸಿದರೆ ಯಾವುದನ್ನು ಮೊದಲು ಬದಲಾಯಿಸಬೇಕು, ಲೋವರಿಂಗ್ ಸ್ಪ್ರಿಂಗ್‌ಗೆ ನಿಮ್ಮ ಗಾಡಿ ಸಿದ್ಧವಿದೆಯೇ ಎಂದು ನೋಡಿ ಬರೆಯುತ್ತೇನೆ.